ಹೆಸರಾದ ಗುಡಿ, ಹೆಸರಾಗದ ಗುಡಿ

ಮನುಷ್ಯರಿಗಿರುವಂತೆ ಊರುಗಳಿಗೂ ಜಾತಕವಿರುವಂತೆ ಕಾಣುತ್ತದೆ. ಒಂದೇ ವಂಶದ ಅರಸರ ಕಾಲದಲ್ಲಿ, ಒಂದೇ ಬಗೆಯ ಕಲ್ಲಿನಲ್ಲಿ, ಕೆಲವು ವೇಳೆ ಒಂದೇ ಶಿಲ್ಪಿಯ ಕೈಯಿಂದ ಮೂಡಿದ ಗುಡಿಗಳಲ್ಲಿ ಒಂದೆರಡು ಲೋಕವಿಖ್ಯಾತವಾಗುತ್ತವೆ. ಅವುಗಳ ಬಾಗಿಲಲ್ಲಿ ಮೋಟಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಉಳಿದವು ಹಳ್ಳಿಯ ಕೆರೆಯ ಮಗ್ಗುಲಲ್ಲಿ, ತೆಂಗಿನ ತೋಟಗಳ ಮರೆಯಲ್ಲಿ, ಬಂದವರನ್ನು ಕಾಯುತ್ತ ದಿನ ಕಳೆಯುತ್ತವೆ. ಯೋಗ್ಯತೆಯಿದ್ದಲ್ಲಿಗೆ ಕೀರ್ತಿಯೂ ಬರಬೇಕೆಂಬ ನಿಯಮ ಮನುಷ್ಯರಲ್ಲಿ ಹೇಗಿಲ್ಲವೋ ಹಾಗೆಯೇ ಸ್ಥಳಗಳಲ್ಲಿಯೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಪ್ರವಾಸಿಗರಿಗೂ ಒಪ್ಪುವ ಮಾತು.

ಹೊಯ್ಸಳರ ನಾಡು ಇದಕ್ಕೆ ತಕ್ಕ ನಿದರ್ಶನ. ಅವರ ಕಾಲದ ಸುಮಾರು ನೂರು ಗುಡಿಗಳು ಇಂದಿಗೂ ಉಳಿದು ನಿಂತಿವೆ. ಆದರೆ ಪಟ್ಟಣವಾಸಿಯೊಬ್ಬನನ್ನು ನಿಲ್ಲಿಸಿ ಹೊಯ್ಸಳ ದೇವಾಲಯಗಳ ಹೆಸರು ಹೇಳೆಂದರೆ ಬೇಲೂರು, ಹಳೇಬೀಡು ಎಂದು ಒಂದೇ ಉಸಿರಿನಲ್ಲಿ ಹೇಳಿ, ಸ್ವಲ್ಪ ತಡೆದು ಸೋಮನಾಥಪುರವನ್ನು ಸೇರಿಸುತ್ತಾನೆ. ನಾಲ್ಕನೆಯ ಹೆಸರಿಗೆ ತಲೆ ಕೆರೆದುಕೊಳ್ಳುತ್ತಾನೆ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದೂ ಈ ಮೂರನ್ನೇ. ಆ ಗೌರವ ಸಲ್ಲಬೇಕಾದ ಕಡೆಗೇ ಸಂದಿತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂವರಿಗೆ ಹಾರ ಬಿದ್ದ ದಿನ, ಹಿಂದಿನ ಸಾಲಿನಲ್ಲಿ ನಿಂತ ಉಳಿದವರು ಇನ್ನಷ್ಟು ಕತ್ತಲೆಗೆ ಸರಿದರೆಂಬುದೂ ಸುಳ್ಳಲ್ಲ.

ರಜೆಯ ದಿನ ಬೆಂಗಳೂರಿನಿಂದ ಹೊರಡುವ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು, ಅವರ ಪತ್ನಿ, ಇಬ್ಬರು ಮಕ್ಕಳು, ಜೊತೆಗೆ ಅಜ್ಜಿ. ನಸುಕಿನಲ್ಲಿಯೇ ಎದ್ದು, ಬುತ್ತಿ ಕಟ್ಟಿಕೊಂಡು, ಬಾಡಿಗೆಯ ಕಾರಿನಲ್ಲಿ ಹೊರಡುತ್ತಾರೆ. ಹೋಗಿ ಬರುವ ದಾರಿ ನಾನೂರು ಕಿಲೋಮೀಟರಿಗೂ ಮೇಲು. ರಾತ್ರಿಯೊಳಗೆ ಮನೆ ಸೇರಬೇಕು. ಆದುದರಿಂದ ಬೇಲೂರಿಗೆ ಒಂದು ಗಂಟೆ, ಹಳೇಬೀಡಿಗೆ ಮುಕ್ಕಾಲು ಗಂಟೆ ಎಂದು ಯಜಮಾನರು ಮೊದಲೇ ಲೆಕ್ಕ ಹಾಕಿರುತ್ತಾರೆ. ಅಜ್ಜಿಗೆ ಮಾತ್ರ ಈ ಲೆಕ್ಕ ರುಚಿಸುವುದಿಲ್ಲ. “ದೇವರ ಮುಂದೆ ನಿಲ್ಲುವುದಕ್ಕೂ ಗಡಿಯಾರ ನೋಡಬೇಕೇನಪ್ಪಾ?” ಎಂದು ಆಕೆ ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಗೊಂಡದ್ದು. ಒಂಬೈನೂರು ವರ್ಷಗಳ ಮೇಲೂ ಅಲ್ಲಿ ಪೂಜೆ ನಡೆದುಬಂದಿದೆ. ಅದರ ಹೊರಗೋಡೆಯ ಮೇಲ್ಭಾಗದಲ್ಲಿ ಬಾಗಿ ನಿಂತ 38 ಮದನಿಕೆಯರು, ಒಳಗಿನ ನಡುಗಂಬಗಳ ಮೇಲಿನ ನಾಲ್ವರು, ಒಂದರಂತೆ ಒಂದಿಲ್ಲದ ಕಂಬಗಳು, ನವರಂಗದ ನಡುವಿನ ಚಾವಣಿ, ಇವುಗಳನ್ನು ಕಂಡವರು ಬೇಲೂರಿನ ಕೀರ್ತಿ ಹುಸಿಯೆಂದು ಹೇಳಲಾರರು. ಅಲ್ಲಿ ಅತಿಯಾದದ್ದು ಕೀರ್ತಿಯಲ್ಲ. ಅಲ್ಲಿಗೆ ಹೋದವರು ಯಾವುದನ್ನು ನೋಡಿ ಮೆಚ್ಚಿ ಬರುತ್ತಾರೋ ಅದು.

ಮಾರ್ಗದರ್ಶಿ ಮೊದಲು ದರ್ಪಣ ಸುಂದರಿಯನ್ನು ತೋರಿಸುತ್ತಾನೆ. ಮಕ್ಕಳು ಕತ್ತೆತ್ತಿ ನೋಡುವಷ್ಟರಲ್ಲಿ ಯಜಮಾನರ ಮೊಬೈಲು ಆಕೆಯ ಚಿತ್ರ ಹಿಡಿದಾಗಿರುತ್ತದೆ. ಆಮೇಲೆ ಅಂಗಳದಲ್ಲಿ ನಿಂತ ಎತ್ತರದ ದೀಪಸ್ತಂಭದ ಬಳಿಗೆ ಎಲ್ಲರೂ ಧಾವಿಸುತ್ತಾರೆ. ಅದು ತನ್ನ ಭಾರದಿಂದಲೇ ನಿಂತಿರುವ ಕಂಬ; ಅದರ ಬುಡದ ಒಂದು ಮೂಲೆಯಲ್ಲಿ ಕಾಗದ ತೂರಿಸಿದರೆ ತೂರುತ್ತದೆ. ಆ ಕಾಗದ ತೂರಿದ ಕ್ಷಣದಲ್ಲಿ ಏಳುವ ಉದ್ಗಾರ, ಗುಡಿಯ ಒಳಗೆ ಆ ಕತ್ತಲೆಯಲ್ಲಿ ಕಲ್ಲನ್ನು ಮೇಣದಂತೆ ತಿದ್ದಿದ ಚಾವಣಿಯ ಕೆಳಗೆ ಏಳುವುದಿಲ್ಲ. ಮನೆಗೆ ಹಿಂದಿರುಗಿದ ಮಕ್ಕಳು ನೆರೆಮನೆಯ ಗೆಳೆಯರಿಗೆ ಹೇಳುವುದೂ ಕಾಗದದ ಕಥೆಯನ್ನೇ. ಒಬ್ಬ ಅರಸ, ಅವನ ಖಜಾನೆ, ಅಸಂಖ್ಯ ಶಿಲ್ಪಿಗಳ ಆಯುಷ್ಯ, ಇಷ್ಟೆಲ್ಲ ಸವೆದು ನಿಂತ ಗುಡಿಯ ನೆನಪು ಒಂದು ಚೂರು ಕಾಗದದಲ್ಲಿ ಮುಗಿಯಬೇಕೆಂದರೆ ಅದು ಸ್ಥಳದ ಅಪರಾಧವಲ್ಲ.

ಜಕಣಾಚಾರಿಯ ಕಥೆಯೂ ಇದೇ ಜಾತಿಯದು. ತಂದೆ ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ಅಪರಿಚಿತ ತರುಣನೊಬ್ಬ ಹೇಳಿದ್ದು, ಕಲ್ಲಿನೊಳಗಿಂದ ಕಪ್ಪೆ ಹೊರಬಿದ್ದದ್ದು, ಶಿಲ್ಪಿ ತನ್ನ ಕೈಯನ್ನು ಕತ್ತರಿಸಿಕೊಂಡದ್ದು, ಆ ತರುಣ ಅವನ ಮಗನೇ ಆಗಿದ್ದದ್ದು, ಇವೆಲ್ಲ ಸೊಗಸಾದ ಕಥೆಯೇ ಸರಿ. 1964ರಲ್ಲಿ ತೆರೆಗೆ ಬಂದ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರವೂ ಆಗಿ ಆ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಬೇಲೂರಿನ ಕಲ್ಲು ತನ್ನ ಶಿಲ್ಪಿಗಳ ಹೆಸರನ್ನು ತಾನೇ ಹೇಳುತ್ತದೆ. ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ದಂತಕಥೆಯ ತಂದೆಮಕ್ಕಳನ್ನು ನೆನೆದು ಕಣ್ಣೊರೆಸಿಕೊಳ್ಳುವವರು, ನಿಜವಾಗಿ ಉಳಿ ಹಿಡಿದ ತಂದೆಮಕ್ಕಳ ಹೆಸರಿನ ಕೆಳಗೇ ನಡೆದು ಹೋಗುತ್ತಾರೆ, ತಲೆಯೆತ್ತಿ ನೋಡುವುದಿಲ್ಲ.

ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರ್. ಬೇಲೂರನ್ನು ಒಳಗೆ ನೋಡಬೇಕು, ಹಳೇಬೀಡನ್ನು ಹೊರಗೆ ನೋಡಬೇಕು ಎಂಬ ಮಾತು ಸಂಸಾರದಲ್ಲಿ ಯಾರಿಗಾದರೂ ನೆನಪಾಗುತ್ತದೆ. ಹೊಯ್ಸಳೇಶ್ವರದ ಗೋಡೆಗಳನ್ನು ನೋಡಿದರೆ ಆ ಮಾತು ಎಷ್ಟು ನಿಜವೆಂಬುದು ತಿಳಿಯುತ್ತದೆ. ಆನೆಗಳ ಸಾಲು, ಅದರ ಮೇಲೆ ಸಿಂಹಗಳ ಸಾಲು, ಬಳ್ಳಿಗಳ ಸಾಲು, ಕುದುರೆ ಸವಾರರ ಸಾಲು, ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಸಾಲಿನ ಮೇಲೆ ಸಾಲಾಗಿ ಇಡೀ ಗುಡಿಯನ್ನು ಸುತ್ತುತ್ತವೆ. ಇದನ್ನು ಮುಕ್ಕಾಲು ಗಂಟೆಯಲ್ಲಿ ನೋಡುವುದೆಂದರೆ ಕುಮಾರವ್ಯಾಸನನ್ನು ನಿಂತ ಕಾಲಿನಲ್ಲಿ ಓದಿ ಮುಗಿಸಿದಂತೆ.

ಆದರೆ ಹಳೇಬೀಡಿನ ನಿಜವಾದ ವಿಚಿತ್ರವಿರುವುದು ಬೇರೊಂದು ಕಡೆ. ಹೊಯ್ಸಳೇಶ್ವರದಿಂದ ಕೂಗಳತೆಯೆನ್ನಬಹುದಾದಷ್ಟು ದೂರದಲ್ಲಿ ಮೂರು ಜೈನ ಬಸದಿಗಳಿವೆ. ಇವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ ಕಟ್ಟಿಸಿದನು. ಬಸದಿಯ ಪ್ರತಿಷ್ಠೆಯ ಪ್ರಸಾದ ಅರಸನ ಕೈ ಸೇರಿದ ಹೊತ್ತಿಗೇ ಯುದ್ಧದಲ್ಲಿ ಜಯವೂ, ಅರಮನೆಯಲ್ಲಿ ಪುತ್ರಜನನವೂ ಕೂಡಿಬಂದುದರಿಂದ ದೇವರಿಗೆ ವಿಜಯ ಪಾರ್ಶ್ವನಾಥನೆಂದೂ ಮಗುವಿಗೆ ವಿಜಯ ನರಸಿಂಹನೆಂದೂ ಹೆಸರಿಡಲಾಯಿತು. ಹೊರಗಿನಿಂದ ಈ ಬಸದಿಗೆ ಅಲಂಕಾರವಿಲ್ಲ. ಒಳಗೆ ಕಾಲಿಟ್ಟರೆ ಚರಕಿಯಲ್ಲಿ ತಿರುಗಿಸಿ ನಯಗೊಳಿಸಿದ ಕಪ್ಪು ಕಂಬಗಳು; ಅವುಗಳ ಎದುರು ನಿಂತವನಿಗೆ ತನ್ನ ಮುಖವೇ ಕಾಣುತ್ತದೆ. ದೊಡ್ಡ ಗುಡಿಯ ಮುಂದೆ ಬಸ್ಸುಗಳು ತುಂಬಿ ತುಳುಕುವ ದಿನವೂ ಇಲ್ಲಿ ಮಾತನಾಡಿದರೆ ದನಿ ಮರುದನಿಯಾಗುವಷ್ಟು ನಿಶ್ಶಬ್ದ. ಅಲ್ಲಿಂದ ಸ್ವಲ್ಪವೇ ಮುಂದೆ, 1219ರ ಸುಮಾರಿಗೆ ವೀರಬಲ್ಲಾಳನೂ ಅವನ ರಾಣಿ ಕೇತಲದೇವಿಯೂ ಕಟ್ಟಿಸಿದ ಕೇದಾರೇಶ್ವರವಿದೆ. ಒಂದೇ ಊರಿನ ಒಂದೇ ರಸ್ತೆಯಲ್ಲಿ ಕೀರ್ತಿಯೂ ಮರೆವೂ ಹೀಗೆ ನೆರೆಹೊರೆಯಾಗಿವೆ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಬೇಲೂರಿನ ಮುಖ್ಯ ಗುಡಿಗೆ ಈಗ ಶಿಖರವಿಲ್ಲ; ಹೊಯ್ಸಳೇಶ್ವರಕ್ಕೂ ಇಲ್ಲ. ಆದುದರಿಂದ ಇವೆರಡನ್ನೇ ನೋಡಿ ಹೊಯ್ಸಳರ ಗುಡಿಗಳನ್ನು ಕಂಡೆನೆಂದು ತೃಪ್ತಿಪಟ್ಟವನು ತಲೆಯಿಲ್ಲದ ಮೈಯನ್ನು ಮಾತ್ರ ಕಂಡಿದ್ದಾನೆ. ತಲೆಯನ್ನು ಕಾಣಲು ಸೋಮನಾಥಪುರಕ್ಕೆ ಹೋಗಬೇಕು. 1258ರಲ್ಲಿ ಸೋಮನಾಥ ದಂಡನಾಯಕನು ಪ್ರತಿಷ್ಠೆ ಮಾಡಿಸಿದ ಆ ಕೇಶವಾಲಯದ ಮೂರು ಶಿಖರಗಳೂ ಉಳಿದಿವೆ. ಒಳಗಿನ ಹದಿನಾರು ಭುವನೇಶ್ವರಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಗುಡಿ ಚಿಕ್ಕದು, ಕಣ್ಣಿಗೆ ಇಡಿಯಾಗಿ ದಕ್ಕುತ್ತದೆ. ಕೀರ್ತಿ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಸರಿಯಾಗಿ ಅಳೆದು ಕೊಟ್ಟಂತಿರುವ ಸ್ಥಳವೊಂದಿದ್ದರೆ ಅದು ಸೋಮನಾಥಪುರವೇ. ಆದರೆ ಶಿಖರಕ್ಕಾಗಿ ಅಷ್ಟು ದೂರ ಹೋಗಲೇಬೇಕಾಗಿಲ್ಲ. ಬೇಲೂರಿನ ದಾರಿಯಲ್ಲಿಯೇ, ಕಾರು ನಿಲ್ಲದೆ ಓಡಿಬಿಟ್ಟ ಒಂದು ತಿರುವಿನ ಆಚೆಗೆ, ಅದು ಕಾದಿರುತ್ತದೆ.

ಹಾಸನದಿಂದ ಬೇಲೂರಿನ ಕಡೆಗೆ ಸಾಗಿ, ಹೆದ್ದಾರಿಯನ್ನು ಬಿಟ್ಟು ಕೆಲವು ಕಿಲೋಮೀಟರ್ ಒಳಗೆ ಹೋದರೆ ದೊಡ್ಡಗದ್ದವಳ್ಳಿ. ಒಂದು ಕೆರೆ, ಕೆರೆಯ ಪಕ್ಕದಲ್ಲಿ ತೆಂಗಿನ ಮರಗಳು, ಪ್ರಾಕಾರದೊಳಗೆ ಗುಡಿ. 1113ರ ಸುಮಾರಿಗೆ, ಎಂದರೆ ಬೇಲೂರಿನ ಪ್ರತಿಷ್ಠೆಗೆ ಕೆಲವು ವರ್ಷ ಮೊದಲೇ, ಕಟ್ಟಿದ ಲಕ್ಷ್ಮೀದೇವಿಯ ದೇವಾಲಯವಿದು. ಕಟ್ಟಿಸಿದವನು ಅರಸನಲ್ಲ, ದಂಡನಾಯಕನೂ ಅಲ್ಲ. ಕುಲ್ಲಹಣ ರಾಹುತನೆಂಬ ವರ್ತಕ, ಅವನ ಪತ್ನಿ ಸಹಜಾದೇವಿ. ಒಬ್ಬ ವ್ಯಾಪಾರಿ ದಂಪತಿಗಳು ತಮ್ಮ ಗಳಿಕೆಯನ್ನು ವೆಚ್ಚಮಾಡಿ ಕಟ್ಟಿದ ಗುಡಿಯೆಂಬುದೇ ಪಟ್ಟಣದ ಸಂಸಾರಗಳಿಗೆ ಅದನ್ನು ಹತ್ತಿರದ್ದಾಗಿ ಮಾಡಬೇಕು.

ಹೊಯ್ಸಳರ ಗುಡಿಗಳಲ್ಲಿ ಅಪರೂಪವಾದ ಚತುಷ್ಕೂಟವಿದು: ಒಂದೇ ಮಂಟಪಕ್ಕೆ ತೆರೆದುಕೊಳ್ಳುವ ನಾಲ್ಕು ಗರ್ಭಗುಡಿಗಳು. ಲಕ್ಷ್ಮಿಯಿದ್ದಾಳೆ, ಕಾಳಿಯಿದ್ದಾಳೆ, ಶಿವನಿದ್ದಾನೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಸರಳವಾದ ಶಿಖರಗಳು ಕೆರೆಯ ನೀರಿನ ಹಿನ್ನೆಲೆಯಲ್ಲಿ ಎದ್ದು ಕಾಣುತ್ತವೆ. ಬೇಲೂರಿನಲ್ಲಿ ಕಾಣುವ ಕುಸುರಿ ಇಲ್ಲಿಲ್ಲ. ಆ ಕುಸುರಿ ಕೈಗೂಡುವುದಕ್ಕೆ ಮುಂಚಿನ ಶಿಲ್ಪಿಯ ಮನಸ್ಸು ಹೇಗಿತ್ತೆಂಬುದನ್ನು ಮಾತ್ರ ಇಲ್ಲಿ ಕಾಣಬಹುದು. ಕಾಳಿಯ ಗುಡಿಯ ಬಾಗಿಲಲ್ಲಿ ಇಕ್ಕೆಲಗಳಲ್ಲಿಯೂ ಆಳೆತ್ತರದ ವೇತಾಳಗಳು ನಿಂತಿವೆ. ಮೂಳೆ ಮೂಳೆ ಎಣಿಸಬಹುದಾದ ಆ ಮೈ, ಕೆದರಿದ ನಗೆ, ಇವನ್ನು ನೋಡಿದ ಮಗು ಮದನಿಕೆಯರನ್ನು ಮರೆತರೂ ಇವುಗಳನ್ನು ಮರೆಯುವುದಿಲ್ಲ.

ಈ ವೇತಾಳಗಳ ಕಾವಲು ಸಾಲದಾಯಿತು. 2020ರ ನವೆಂಬರಿನಲ್ಲಿ ಒಂದು ದಿನ ಗರ್ಭಗುಡಿಯೊಳಗಿನ ಕಾಳಿಯ ವಿಗ್ರಹ ಒಡೆದು ಬಿದ್ದದ್ದು ಕಂಡುಬಂತು. ಒಂಬತ್ತು ಶತಮಾನಗಳ ಯುದ್ಧ, ಕೊಳ್ಳೆ, ಬರಗಾಲಗಳನ್ನು ದಾಟಿ ಬಂದ ದೇವಿ, ರಕ್ಷಿತ ಸ್ಮಾರಕವೆಂಬ ಫಲಕದ ನೆರಳಿನಲ್ಲಿಯೇ ಚೂರಾದಳು. ಆ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ ಎಷ್ಟೋ ಮಂದಿ ದೊಡ್ಡಗದ್ದವಳ್ಳಿಯ ಹೆಸರನ್ನು ಕೇಳಿದ್ದು ಅದೇ ಮೊದಲ ಸಲ. ಒಡೆದ ಕಲ್ಲನ್ನು ಕೂಡಿಸಿ ನಿಲ್ಲಿಸುವ ವಿದ್ಯೆ ಇದೆ. ಆದರೆ ಒಂದು ಸ್ಥಳದ ಹೆಸರು ಊರಿಗೆಲ್ಲ ತಿಳಿಯಬೇಕಾದರೆ ಅದಕ್ಕೊಂದು ಆಘಾತವೇ ಆಗಬೇಕೆ? ದಿನವೂ ಹತ್ತು ಜನ ಬಂದು ಹೋಗುವ ಗುಡಿಯಲ್ಲಿ ಹತ್ತು ಜೊತೆ ಕಣ್ಣುಗಳು ಕಾವಲಿರುತ್ತವೆ. ಯಾರೂ ಹೋಗದ ಗುಡಿಗೆ ಒಂದು ಬೀಗವಷ್ಟೇ ಆಸರೆ. ಪ್ರವಾಸಿಗರ ಅಸಡ್ಡೆ ಬರಿಯ ಅಭಿರುಚಿಯ ಪ್ರಶ್ನೆಯಲ್ಲವೆಂಬುದು ಇಲ್ಲಿ ಮನದಟ್ಟಾಗುತ್ತದೆ.

ಹಳೇಬೀಡಿನಿಂದ ಚಿಕ್ಕಮಗಳೂರಿನ ಕಡೆಗೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಬೆಳವಾಡಿ. ಭೀಮನು ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂಬುದು ಊರವರ ನಂಬಿಕೆ. 1200ರ ಸುಮಾರಿನಲ್ಲಿ, ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ವೀರನಾರಾಯಣ ದೇವಾಲಯ ಇಲ್ಲಿದೆ. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ ಎಂದು ಮೂರು ಮೂರ್ತಿಗಳು. ಮೂವರಿಗೂ ಇಂದಿಗೂ ಪೂಜೆಯುಂಟು. ಕೊಳಲೂದುವ ಗೋಪಾಲನ ಸುತ್ತ ಗೋವುಗಳೂ ಗೋಪಿಯರೂ ಕಿವಿಗೊಟ್ಟು ನಿಂತ ಬಗೆಯನ್ನು ನೋಡಿದವರು, ಬೇಲೂರಿನಲ್ಲಿ ಕೂಡ ಇಷ್ಟು ಹತ್ತಿರದಿಂದ ಇಷ್ಟು ನೆಮ್ಮದಿಯಾಗಿ ದೇವರ ಮುಖವನ್ನು ನೋಡಲಾಗಲಿಲ್ಲವಲ್ಲ ಎಂದುಕೊಳ್ಳುವುದುಂಟು. ಮುಂದಿನ ಮಹಾಮಂಟಪ ತೆರೆದದ್ದು. ಬೆಳಕೂ ಗಾಳಿಯೂ ಕಂಬಗಳ ನಡುವೆ ಧಾರಾಳವಾಗಿ ಸುಳಿದಾಡುತ್ತವೆ. ನಯವಾಗಿ ತಿರುಗಿಸಿದ ಕಂಬಗಳ ಸಾಲಿನಲ್ಲಿ ಮಕ್ಕಳು ಒಂದರ ಹಿಂದೊಂದು ಅವಿತು ಕಣ್ಣಾಮುಚ್ಚಾಲೆಯಾಡಿದರೂ ಗದರುವವರಿಲ್ಲ. ವಾಸ್ತುವಿನ ಗಾಂಭೀರ್ಯದಲ್ಲಿ ಬೆಳವಾಡಿಯ ಮಂಟಪಕ್ಕೆ ಸಮನಾದುದು ಆ ಮೂರು ಪ್ರಖ್ಯಾತ ಗುಡಿಗಳಲ್ಲಿಯೂ ಇಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ಕನ್ನಡ ಸಾಹಿತ್ಯದಲ್ಲಿ ಆಸಕ್ತಿಯುಳ್ಳವರಿಗೆ ತರೀಕೆರೆಯ ಬಳಿಯ ಅಮೃತಾಪುರ ಒಂದು ಯಾತ್ರಾಸ್ಥಳವೇ ಆಗಬೇಕಿತ್ತು. 1196ರಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಅಲ್ಲಿನ ಶಿವಾಲಯದ ಮುಂದೆ ನಿಂತಿರುವ ಶಾಸನದ ಪದ್ಯಗಳು ಜನ್ನ ಕವಿಯವು. ‘ಯಶೋಧರ ಚರಿತೆ’ಯ ಕವಿಯ ಮಾತುಗಳು ಓಲೆಗರಿಯಲ್ಲಲ್ಲದೆ ಕಲ್ಲಿನಲ್ಲಿಯೂ ಉಳಿದಿರುವ ಸ್ಥಳವದು. ಪಠ್ಯಪುಸ್ತಕದಲ್ಲಿ ಜನ್ನನನ್ನು ಕಂಠಪಾಠ ಮಾಡಿದ ಮಕ್ಕಳನ್ನು ಆ ಕಲ್ಲಿನ ಮುಂದೆ ನಿಲ್ಲಿಸಿದರೆ ಕವಿಯೂ ಒಂದು ಕಾಲದಲ್ಲಿ ಮಳೆ ಬಿಸಿಲು ಕಂಡ ಮನುಷ್ಯನೆಂಬುದು ಅರ್ಥವಾದೀತು. ತೆರೆದ ಮಂಟಪದ ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತ ಮತ್ತು ಕೃಷ್ಣನ ಬಾಲ್ಯದ ಕಥೆಗಳನ್ನು ಹೇಳುವ 140 ಫಲಕಗಳಿವೆ. ಕಣ್ಣಿನ ಮಟ್ಟಕ್ಕೆ ನಿಲುಕುವ ಈ ಫಲಕಗಳನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಚಿತ್ರಪುಸ್ತಕದಂತೆ ಓದಿ ಹೇಳಬಹುದು.

ಇದೇ ಅಮೃತಾಪುರದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ಕಾಣಸಿಗುತ್ತದೆ. ಚನ್ನರಾಯಪಟ್ಟಣದ ಬಳಿ ಹೆದ್ದಾರಿಯಿಂದ ಹೊರಳಿ ನುಗ್ಗೇಹಳ್ಳಿಗೆ ಹೋದರೆ 1246ರ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮತ್ತೆ ಅವನೇ. ಅಲ್ಲಿ ಒಂದು ಬದಿಯ ಗೋಡೆ ಅವನದಾದರೆ ಇನ್ನೊಂದು ಬದಿ ಬೈಚೋಜನದು. ಸೋಮನಾಥಪುರದಲ್ಲಿಯೂ ಆ ಹೆಸರಿದೆ. ಮೊದಲ ಗುಡಿಗೂ ಕೊನೆಯ ಗುಡಿಗೂ ನಡುವೆ ಅರುವತ್ತು ವರ್ಷಗಳಿಗೂ ಮೇಲಿನ ಅಂತರ. ಹುಡುಗನಾಗಿ ಉಳಿ ಹಿಡಿದು ಮುದುಕನಾಗಿ ಕೆಳಗಿಟ್ಟನೆಂದೇ ಊಹಿಸಬೇಕು. ಕಪ್ಪೆಯ ಕಥೆಯಿಲ್ಲ, ಕೈ ಕತ್ತರಿಸಿಕೊಂಡ ರೋಮಾಂಚವಿಲ್ಲ. ಒಂದು ಆಯುಷ್ಯದ ದುಡಿಮೆ ಮಾತ್ರ ಗೋಡೆಗೋಡೆಯಲ್ಲಿದೆ. ಬೇಲೂರಿಗೆ ಹೋದವರಿಗೆಲ್ಲ ಜಕಣಾಚಾರಿ ಗೊತ್ತು. ಮಲ್ಲಿತಮ್ಮ ಗೊತ್ತಿರುವವರು ಎಷ್ಟು ಮಂದಿ? ಸ್ಥಳಗಳಿಗಾದ ಅನ್ಯಾಯ ಇಲ್ಲಿ ಮನುಷ್ಯನಿಗೂ ಆಗಿದೆ.

ಹೆಸರಾಗದ ಸ್ಥಳಗಳೆಲ್ಲ ಹೆಸರಾದವಕ್ಕಿಂತ ಮೇಲೆಂದು ಸಾಧಿಸಹೊರಟರೆ ಅದೂ ಒಂದು ಬಗೆಯ ಡಂಭವಾದೀತು. ಸಣ್ಣ ಊರುಗಳಲ್ಲಿ ಅನುಕೂಲಗಳು ಕಡಿಮೆ. ಬೇಲೂರಿನಲ್ಲಿ ಹಸಿವಾದರೆ ಹೋಟೆಲಿದೆ, ಕಥೆ ಹೇಳಲು ಮಾರ್ಗದರ್ಶಿಯಿದ್ದಾನೆ, ವೃದ್ಧರಿಗೆ ಕೂಡ ಮುಟ್ಟಲು ಸುಲಭವಾದ ದಾರಿಯಿದೆ. ದೊಡ್ಡಗದ್ದವಳ್ಳಿಗೆ ಹೋಗುವವರು ಬುತ್ತಿಯನ್ನೂ ನೀರನ್ನೂ ಕಟ್ಟಿಕೊಂಡೇ ಹೋಗಬೇಕು. ಗುಡಿಯ ವಿಷಯವನ್ನು ಮನೆಯಲ್ಲಿಯೇ ಓದಿಕೊಂಡು ಹೋಗಬೇಕು. ಕುಸುರಿ ಕೆಲಸದ ಬೆರಗನ್ನೇ ಬಯಸಿ ಹೋದವರಿಗೆ ಬೆಳವಾಡಿಯ ಹೊರಗೋಡೆ ನಿರಾಶೆ ತಂದೀತು. ಮತ್ತೊಂದು ಅಪಾಯವನ್ನೂ ಮರೆಯುವಂತಿಲ್ಲ: ಇಂದು ಎಲೆಮರೆಯ ಕಾಯಾಗಿರುವ ಊರಿಗೆ ನಾಳೆ ನೂರು ಬಸ್ಸು ಬಂದರೆ, ಅಲ್ಲಿನ ನಿಶ್ಶಬ್ದವೇ ಮೊದಲು ಮಾಯವಾಗುತ್ತದೆ. ಕೆರೆಯ ದಡದಲ್ಲಿ ಎಂಜಲೆಲೆಗಳು ಬೀಳುತ್ತವೆ. ಹೊಗಳಿಕೆ ಕೂಡ ಹದವರಿತಿರಬೇಕು.

ಹಾಗಾದರೆ ದಾರಿ ಯಾವುದು? ಒಂದು ದಿನಕ್ಕೆ ಹೆಸರಾದ ಗುಡಿ ಒಂದು, ಹೆಸರಾಗದ ಗುಡಿ ಒಂದು. ಅದಕ್ಕಿಂತ ಹೆಚ್ಚಿನದು ಬೇಡ. ಬೇಲೂರಿನ ಜೊತೆಗೆ ದೊಡ್ಡಗದ್ದವಳ್ಳಿಯನ್ನೋ, ಹೊಯ್ಸಳೇಶ್ವರದ ಜೊತೆಗೆ ಬಸದಿಗಳನ್ನೋ, ಸಮಯವಿದ್ದರೆ ಬೆಳವಾಡಿಯನ್ನೋ ಇಟ್ಟುಕೊಂಡರೆ ಸಾಕು. ಹಾಸನದಲ್ಲಿ ಒಂದು ರಾತ್ರಿ ತಂಗಿದರೆ ಗಡಿಯಾರದ ಕಾಟವೂ ತಪ್ಪುತ್ತದೆ; ಬೆಳಗ್ಗೆ ಹತ್ತಿರದ ಕೊರವಂಗಲಕ್ಕೆ ಹೋಗಿ, ವೀರಬಲ್ಲಾಳನ ಪಟ್ಟಾಭಿಷೇಕದ ಸಂತೋಷಕ್ಕಾಗಿ ಅವನ ಅಧಿಕಾರಿಯೊಬ್ಬನು 1173ರಲ್ಲಿ ಕಟ್ಟಿಸಿದ ಬೂಚೇಶ್ವರವನ್ನೂ ನೋಡಿ ಬರಬಹುದು. ಹೀಗೆ ಜೊತೆಯಾಗಿ ನೋಡಿದಾಗ ಒಂದು ವಿಶೇಷ ನಡೆಯುತ್ತದೆ. ದೊಡ್ಡಗದ್ದವಳ್ಳಿಯ ಸರಳತೆಯನ್ನು ಕಂಡ ಕಣ್ಣು ಮರುಗಳಿಗೆಯಲ್ಲಿ ಬೇಲೂರನ್ನು ನೋಡಿದಾಗ, ಕೆಲವೇ ವರ್ಷಗಳಲ್ಲಿ ಶಿಲ್ಪಿಯ ಕೈ ಎಷ್ಟು ದೂರ ನಡೆದುಬಂತೆಂಬುದು ಹೊಳೆಯುತ್ತದೆ. ಚಿಕ್ಕ ಗುಡಿ ದೊಡ್ಡ ಗುಡಿಯ ಬೆಲೆಯನ್ನು ಇಳಿಸುವುದಿಲ್ಲ. ಅದನ್ನು ಹೇಳಿಸಿಕೊಂಡ ಹೊಗಳಿಕೆಯಿಂದ ಬಿಡಿಸಿ, ಸ್ವಂತ ಕಣ್ಣಿಗೆ ಒಪ್ಪಿಸುತ್ತದೆ.

ಮೊದಲು ಕಲ್ಪಿಸಿಕೊಂಡ ಆ ಸಂಸಾರ ಮುಂದಿನ ರಜೆಯಲ್ಲಿ ಮತ್ತೆ ಅದೇ ದಾರಿಯಲ್ಲಿ ಬರಲಿ. ಈ ಸಲ ಕಾರು ಆ ತಿರುವಿನಲ್ಲಿ ಹೊರಳುತ್ತದೆ. ಸಂಜೆಯ ಬಿಸಿಲು ಕೆರೆಯ ಮೇಲೆ ಮಲಗಿದೆ. ಯಜಮಾನರು ಮೊದಲ ಚಿತ್ರ ಹಿಡಿದ ಮೇಲೆ ಮೊಬೈಲನ್ನು ಜೇಬಿಗೆ ಸೇರಿಸುತ್ತಾರೆ. ಇಲ್ಲಿ ಯಾರೂ ಮುಂದಕ್ಕೆ ತಳ್ಳುವುದಿಲ್ಲ, ಅವಸರ ಪಡಿಸುವುದಿಲ್ಲ. ಹುಡುಗ ವೇತಾಳದ ಎದುರು ನಿಂತು ಪಕ್ಕೆಲುಬುಗಳನ್ನು ಎಣಿಸುತ್ತಾನೆ.

“ಅಜ್ಜೀ, ಇದಕ್ಕೆ ಹೊಟ್ಟೆಯೇ ಇಲ್ಲವಲ್ಲ!”

“ಊಟಕ್ಕೆ ಕರೆದಾಗ ಬಾರದೆ ಆಟವಾಡುತ್ತಿದ್ದಿರಬೇಕು ಕಣೋ, ನಿನ್ನ ಹಾಗೆ,” ಎನ್ನುತ್ತಾಳೆ ಅಜ್ಜಿ.

ಆಮೇಲೆ ಆಕೆ ನಿಧಾನವಾಗಿ ಲಕ್ಷ್ಮಿಯ ಮುಂದೆ ಕಂಬಕ್ಕೊರಗಿ ಕುಳಿತುಕೊಳ್ಳುತ್ತಾಳೆ. ಹೊತ್ತಾಯಿತೆಂದು ಯಾರೂ ಹೇಳುವುದಿಲ್ಲ. ಎದ್ದು ಹೊರಡುವ ಮುಂಚೆ ಪಕ್ಕದ ಕಾಳಿಯ ಬಾಗಿಲಿಗೂ ಹೋಗಿ, ಒಳಗಿನ ಕತ್ತಲೆಯ ಕಡೆಗೆ ಒಂದು ಕ್ಷಣ ಕೈ ಮುಗಿದು ನಿಲ್ಲುತ್ತಾಳೆ. ಆ ದಿನ ಆ ಗುಡಿಯಲ್ಲಿ ಇನ್ನೂ ಐದು ಜೊತೆ ಕಣ್ಣುಗಳಿದ್ದವು. ಹೆಸರಾಗದ ಊರು ಬಂದವರಿಂದ ಬಯಸುವುದೂ ಅಷ್ಟನ್ನೇ.